ಕ್ಲೋರಿನಪ್ಪನ ಮದ್ದು

ಮೊದಲೇ ಹೇಳಿಬಿಡ್ತೀನಿ, ಇದನ್ನ ನಿಮಗೆ ಹೇಳ್ತಿರೋದು ನೀವು ನಮ್ಮ ಈಜುಕೊಳಕ್ಕೆ ಬರೋ ಪೈಕಿ ಅಲ್ಲ ಅನ್ನೋ ಧೈರ್ಯದ ಮೇಲೆ. ಅಕಸ್ಮಾತ್ ಯಾವತ್ತಾದ್ರೂ ಬಂದ್ರೆ, ಟಿಕೆಟ್ ಕಿಟಕೀಲಿ ಕೂತಿರೋಳು ನಾನೇ. ಆಗ ನಾನು ಏನೂ ಹೇಳಿಲ್ಲ, ನೀವು ಏನೂ ಕೇಳಿಸ್ಕೊಂಡಿಲ್ಲ. ಆಯ್ತಾ?

ನಮ್ಮನೆಯವರು ಆ ಕೊಳ ನೋಡ್ಕೊಳ್ಳೋರು. ಕ್ಲೋರಿನ್ ಹಾಕೋದು, ತಳದ ಕಸ ಎಳೆಯೋದು, ಫಿಲ್ಟರ್ ತೊಳೆಯೋದು, ಸೀಟಿ ಊದೋದು, ಎಲ್ಲ ಅವರದೇ. ಮದುವೆಯಾದ ಹೊಸದರಲ್ಲಿ ಅವರ ಮೈಯಿಂದ ಮಾತ್ರ ಕ್ಲೋರಿನ್ ವಾಸನೆ ಬರ್ತಿತ್ತು. ಈಗ ದಿಂಬು, ಹೊದಿಕೆ, ಬೀರು, ಕೊನೆಗೆ ನಾನು ಕೂಡ ಅದೇ ವಾಸನೆ. ಊರೆಲ್ಲ ಅವರನ್ನ ಕ್ಲೋರಿನಪ್ಪ ಅಂತ ಕರೆಯುತ್ತೆ, ಹಿಂದಿನಿಂದ. ಎದುರಿಗೇ ಕರೆಯೋ ಧೈರ್ಯ ಇರೋದು ನನಗೊಬ್ಬಳಿಗೆ.

ನೀರು ಅಂದ್ರೆ ಅವರಿಗೆ ಪ್ರಾಣ. ಯಾರ ಮನೆಗಾದ್ರೂ ಹೋದ್ರೆ ಕೂರೋಕೆ ಮುಂಚೆ ಬಚ್ಚಲಿಗೆ ಹೋಗಿ ನಲ್ಲಿ ತೊಟ್ಟಿಕ್ತಿದೆಯಾ ಅಂತ ನೋಡಿ ಬರ್ತಾರೆ. ಬೇರೆ ಗಂಡಸರು ಜೇಬಲ್ಲಿ ಬಾಚಣಿಗೆ ಇಟ್ಕೊಂಡ್ರೆ ಇವರು ನಲ್ಲಿ ವಾಷರ್ ಇಟ್ಕೊಂಡಿರ್ತಾರೆ. ನನ್ನ ತಂಗಿ ಒಂದು ಸಲ ನಮ್ಮನ್ನ ಊಟಕ್ಕೆ ಕರೆದಿದ್ಲು. ಎಲ್ಲರೂ ತಟ್ಟೆ ಮುಂದೆ ಕೂತು ಕಾಯ್ತಿದ್ರೆ ಇವರು ಸಿಂಕಿನ ಕೆಳಗೆ ಅಂಗಾತ ಮಲಗಿ ಸ್ಪ್ಯಾನರ್ ಕೇಳ್ತಿದ್ರು. ನಮ್ಮನೇಲಂತೂ ತರಕಾರಿ ತೊಳೆದ ನೀರು ಗಿಡಕ್ಕೆ, ಬಟ್ಟೆ ಜಾಲಿಸಿದ ನೀರು ನೆಲ ಒರೆಸೋಕೆ, ನೆಲ ಒರೆಸಿದ ನೀರು ಕಕ್ಕಸಿಗೆ. ಒಂದು ಬಕೆಟ್ ನೀರಿಗೆ ಮೋಕ್ಷ ಸಿಗಬೇಕಾದ್ರೆ ನಮ್ಮನೇಲಿ ಅಷ್ಟು ಜನ್ಮ ಎತ್ತಬೇಕು.

ಬರೀ ಜಿಪುಣತನ ಅಂದ್ಕೋಬೇಡಿ, ಕಾರಣ ಇದೆ. ನಮ್ಮ ಕೊಳಕ್ಕೂ ಅದರ ಹಿಂದಿನ ಬೀದಿಗಳಿಗೂ ಒಂದೇ ಟ್ಯಾಂಕಿನ ನೀರು. ಕೊಳ ಗಲೀಜಾಯ್ತು ಅಂತ ಖಾಲಿ ಮಾಡಿದ್ರೆ, ಮತ್ತೆ ತುಂಬೋವರೆಗೂ ಆ ಬೀದಿ ನಲ್ಲಿಗಳೆಲ್ಲ ಬರೀ ಗಾಳಿ ಉಗುಳ್ತಿದ್ವು. ಖಾಲಿ ಮಾಡಿದ ನೀರು ಹೋಗೋದೆಲ್ಲಿಗೆ? ಪಕ್ಕದ ಹಳ್ಳಕ್ಕೆ, ಕ್ಲೋರಿನ್ ಸಮೇತ. ಒಂದು ಸಲ ಹಾಗೆ ಬಿಟ್ಟ ಮಾರನೇ ದಿನ ಹಳ್ಳದ ಮೀನೆಲ್ಲ ಹೊಟ್ಟೆ ಮೇಲೆ ಮಾಡಿ ತೇಲ್ತಿದ್ವು. ಇವರು ದಡದಲ್ಲಿ ಕುಕ್ಕರಗಾಲಲ್ಲಿ ಕೂತವರು ಮಧ್ಯಾಹ್ನ ಆದ್ರೂ ಏಳಲಿಲ್ಲ. ಇತ್ತ ಬೀದಿ ಹೆಂಗಸರು ಖಾಲಿ ಕೊಡ ಹಿಡ್ಕೊಂಡು ನನ್ನ ಕಿಟಕಿ ಮುಂದೆ ನಿಂತು ನನ್ನ ಜನ್ಮ ಜಾಲಾಡಿಬಿಟ್ರು.

ಅಷ್ಟಕ್ಕೂ ಕೊಳ ಗಲೀಜಾಗೋದು ಹೇಗೆ ಅಂತೀರಾ? ಹೇಳೋಕೆ ನಾಚಿಕೆ. ಇಸ್ತ್ರಿ ಮಾಡಿದ ಶರ್ಟು ಹಾಕ್ಕೊಂಡು ಓಡಾಡೋ ದೊಡ್ಡ ಮನುಷ್ಯರು, ನೀರಿಗಿಳಿದ ಮೇಲೆ ಮತ್ತೆ ಹತ್ತಿ ಬರೋಕೆ ಸೋಮಾರಿತನ ಮಾಡಿ ಅಲ್ಲೇ ಒಂದಕ್ಕೆ ಹೋಗಿಬಿಡ್ತಿದ್ರು. ಇವರು ಬೋರ್ಡ್ ಬರೆಸಿದ್ರು. ಕೈ ಮುಗಿದು ಬೇಡ್ಕೊಂಡ್ರು. ಯಾರೂ ಕಿವಿ ಮೇಲೆ ಹಾಕ್ಕೊಳ್ಳಲಿಲ್ಲ. ಸೀಟಿ ಊದೋಣ ಅಂದ್ರೆ ನೀರೊಳಗಿನ ವ್ಯವಹಾರ ಕಾಣುತ್ತಾ? ಯಾರ ಮುಖದಲ್ಲಾದ್ರೂ ಒಂಥರಾ ನೆಮ್ಮದಿ ಕಾಣಿಸಿದ್ರೆ ಸಾಕು, ಊದಿಬಿಡೋರು. ಪಾಪ, ಒಬ್ಬರು ಮೊಮ್ಮಗಳನ್ನ ನೆನಸ್ಕೊಂಡು ನಕ್ಕಿದ್ದಕ್ಕೆ ಎಲ್ಲರ ಮುಂದೆ ಸೀಟಿ ಹೊಡೆಸ್ಕೊಂಡ್ರು.

ಹೀಗಿರುವಾಗ ಒಂದು ಬೆಳಗ್ಗೆ ಇವರು ಕುಡಿಯೋಕೆ ಅಂತ ಬಾಟಲಿಯಲ್ಲಿ ನೀರು ಹಿಡ್ಕೊಂಡು ಕೊಳದ ಅಂಚಲ್ಲಿ ನಿಂತಿದ್ರು. ಹಿಂದಿನ ದಿನ ತಾನೇ ಆಫೀಸಿನವರು ಬಂದು, ವಾಸನೆ ಬರ್ತಿದೆ, ಕೊಳ ಖಾಲಿ ಮಾಡಿ ಅಂತ ಹೇಳಿ ಹೋಗಿದ್ರು. ಇವರ ತಲೆ ಕೆಟ್ಟು ಕೆರ ಹಿಡಿದಿತ್ತು. ದಿನಾ ಬರೋ ನಿವೃತ್ತ ಬ್ಯಾಂಕ್ ಮ್ಯಾನೇಜರ್ ಒಬ್ಬರಿದ್ದಾರೆ, ಪ್ರಶ್ನೆ ಕೇಳೋದು ಬಿಟ್ರೆ ಅವರಿಗೆ ಬೇರೆ ಕೆಲಸ ಇಲ್ಲ. "ಏನ್ರೀ ಅದು ಬಾಟಲೀಲಿ?" ಅಂದ್ರು.

"ಹೊಸ ಮದ್ದು ಸಾರ್," ಅಂದ್ರು ಇವರು ಹಲ್ಲು ಕಡೀತಾ. "ಯಾರಾದ್ರೂ ನೀರಲ್ಲಿ ಒಂದಕ್ಕೆ ಹೋದ್ರೆ ತಕ್ಷಣ ಅವರ ಸುತ್ತ ಶಾಯಿ ಚೆಲ್ಲಿದ ಹಾಗೆ ನೀಲಿ ಆಗುತ್ತೆ. ಎಲ್ಲರಿಗೂ ಕಾಣುತ್ತೆ." ಅಂದವರೇ ಬಾಟಲಿ ನೀರನ್ನ ಪೂರ್ತಿ ಕೊಳಕ್ಕೆ ಸುರಿದುಬಿಟ್ರು.

ಮಾರನೇ ದಿನ ನೀವು ನೋಡಬೇಕಿತ್ತು! ನೀರಲ್ಲಿ ಒಬ್ಬ ನರಪಿಳ್ಳೆ ಇಲ್ಲ. ಎಲ್ಲರೂ ಕಕ್ಕಸಿನ ಮುಂದೆ ಸಾಲು ನಿಂತಿದ್ದಾರೆ, ಕೈಕಟ್ಟಿಕೊಂಡು, ಎಷ್ಟು ಮರ್ಯಾದೆಯಾಗಿ!

ಅವತ್ತಿಂದ ಮದ್ದು ಹಾಕೋದು ದಿನದ ಕೆಲಸ ಆಗೋಯ್ತು. ಇವರು ಕೈಗೆ ರಬ್ಬರ್ ಗವಸು ಹಾಕ್ಕೊಂಡು, ಮೂಗಿಗೆ ಬಟ್ಟೆ ಕಟ್ಕೊಂಡು, "ದೂರ, ದೂರ" ಅಂತ ಜನರನ್ನ ಸರಿಸಿ, ಮುಚ್ಚಳದಲ್ಲಿ ಅಳೆದು ಅಳೆದು ಹಾಕ್ತಾರೆ. ನಮ್ಮ ಅಡುಗೆಮನೆ ನಲ್ಲಿ ನೀರು ಕಣ್ರೀ ಅದು! ಬೆಳಗ್ಗೆ ಬಾಟಲಿಗೆ ತುಂಬಿ ಕೊಡೋಳೇ ನಾನು. ಈ ಗುಟ್ಟು ಗೊತ್ತಿದ್ದಿದ್ದು ಅವರಿಗೆ, ನನಗೆ, ನಮ್ಮ ಮಗಳಿಗೆ. ಆದ್ರೆ ನೋಡಿ, ಕೊಳ ತಿಳಿಯಾಯ್ತು. ಖಾಲಿ ಮಾಡೋ ಮಾತೇ ನಿಂತುಹೋಯ್ತು. ಹಿಂದಿನ ಬೀದಿಗಳಲ್ಲಿ ನಲ್ಲಿ ತಿರುಗಿಸಿದ್ರೆ ನೀರು. ಹಳ್ಳದಲ್ಲಿ ಮತ್ತೆ ಮೀನು ಬಂದ್ವು. ಇವರು ಸಂಜೆ ಹೊತ್ತು ಹೋಗಿ ಅವುಗಳನ್ನ ಮಾತಾಡಿಸಿ ಬರ್ತಾರೆ, ನನ್ನ ಹತ್ರ ಅಷ್ಟು ಮಾತಾಡಲ್ಲ.

ಈಗ ಮಗಳ ವಿಷಯಕ್ಕೆ ಬರ್ತೀನಿ. ಅವಳು ಕನ್ನಡಕದ ಅಂಗಡೀಲಿ ಕೆಲಸ ಮಾಡೋದು. ಅಲ್ಲೇ ಗಾಜು ಉಜ್ಜೋ ಹುಡುಗನಿಗೂ ಅವಳಿಗೂ ಮನಸ್ಸು ಕೂಡಿತ್ತು. ಹುಡುಗ ಚಿನ್ನದಂಥವನು. ಅವರಪ್ಪ ನಮ್ಮ ಕೊಳದ ಹಿಂದಿನ ಬೀದಿಯ ಟೈಲರ್ ಮಾಸ್ಟರ್, ಊರಲ್ಲಿ ಒಳ್ಳೆ ಹೆಸರು, ಮಾನಕ್ಕೆ ಅಂಜೋ ಮನುಷ್ಯ. ಮಾತುಕತೆ ಹೆಚ್ಚುಕಡಿಮೆ ಮುಗಿದಿತ್ತು, ದಿನ ಗೊತ್ತು ಮಾಡೋದೊಂದೇ ಬಾಕಿ. ಮಗಳ ಕಾಲು ನೆಲದ ಮೇಲಿರಲಿಲ್ಲ.

ವರ್ಷಗಟ್ಟಲೆ ಮಷೀನ್ ತುಳಿದು ತುಳಿದು ಮಾಸ್ಟರಿಗೆ ಮಂಡಿನೋವು. ಡಾಕ್ಟರ್, ನೀರಲ್ಲಿ ಕಾಲಾಡಿಸಿ ಅಂದ್ರಂತೆ. "ಬೀಗರಾಗೋರ ಕೊಳಾನೇ ಇರುವಾಗ ಇನ್ನೆಲ್ಲಿಗೆ ಹೋಗ್ಲಿ?" ಅಂತ ಹೇಳಿ ಕಳಿಸಿದ್ರು. ಇವರಿಗೋ ಹಿಗ್ಗೋ ಹಿಗ್ಗು. ಆದ್ರೆ ನಮ್ಮಲ್ಲಿ ಈಜುಡುಪು ಇಲ್ಲದೆ ನೀರಿಗಿಳಿಯೋ ಹಾಗಿಲ್ಲ. ಊರಿಗೆಲ್ಲ ಹೊಲಿಯೋನು ಅಂಗಡೀಲಿ ಚಡ್ಡಿ ಕೊಂಡ್ಕೊಳ್ಳೋದಾ ಅಂತ ಮಾಸ್ಟರಿಗೆ ಸ್ವಾಭಿಮಾನ. ಯಾವುದೋ ಕೋಟಿನ ಒಳಗಿನ ಬಟ್ಟೆ ಉಳಿದಿತ್ತಂತೆ, ಕಡುನೀಲಿದು. ಅದರಲ್ಲಿ ತಾವೇ ಹೊಲ್ಕೊಂಡ್ರು. ಎರಡು ಜೇಬು, ಬೆಲ್ಟಿಗೆ ಪಟ್ಟಿ, ಅಂಚಿಗೆ ಬಿಳಿ ದಾರದ ಕುಸುರಿ. ಬಂದ ಗಿರಾಕಿಗಳಿಗೆಲ್ಲ "ಬಟ್ಟೆ ನೆನೆಸಿ ತಂದಿದ್ದೀರಾ?" ಅಂತ ಕೇಳೋ ಮನುಷ್ಯ, ತನ್ನ ಚಡ್ಡಿ ಬಟ್ಟೇನ ಮಾತ್ರ ನೆನೆಸೋದು ಮರೆತಿದ್ರು.

ಬಂದ್ರು, ಇಳಿದ್ರು. ಕೊಳದ ತುಂಬ ಜನ. ಮಾಸ್ಟರ್ ಎದೆಮಟ್ಟದ ನೀರಲ್ಲಿ ನಿಂತು ಒಂದೊಂದೇ ಕಾಲು ಆಡಿಸ್ತಾ, ನನ್ನ ಕಡೆ ನೋಡಿ ನಕ್ರು ಕೂಡ. ಅಷ್ಟರಲ್ಲಿ ಮ್ಯಾನೇಜರ್ ಕಿರುಚಿದ್ರು, "ನೀಲಿ! ನೀಲಿ!"

ಅಯ್ಯೋ ದೇವರೇ, ಬೆಂಕಿ ಬಿತ್ತು ಅಂದ್ರೂ ಜನ ಅಷ್ಟು ಬೇಗ ಓಡಲ್ಲ. ಸೊಂಟ ಬಗ್ಗಲ್ಲ ಅಂತ ದಿನಾ ಗೋಳಾಡೋರು ಏಣಿ ಇಲ್ಲದೆ ಎಗರಿ ಮೇಲೆ ಬಂದ್ರು. ಒಂದು ಕ್ಷಣದಲ್ಲಿ ಇಡೀ ಕೊಳದಲ್ಲಿ ಮಾಸ್ಟರ್ ಒಬ್ಬರೇ. ಸುತ್ತ ನೀಲಿ, ಹರಡ್ತಾನೇ ಇದೆ. ಅವರು ಕೆಳಗೆ ನೋಡಿದ್ರು, ಮೇಲೆ ನೋಡಿದ್ರು. ಮದ್ದಿನ ವಿಷಯ ಅವರಿಗೂ ಗೊತ್ತಿತ್ತಲ್ಲ, ಮುಖ ಸುಣ್ಣದ ಹಾಗೆ ಬೆಳ್ಳಗಾಯ್ತು.

ನಾನು ಇವರ ಕಡೆ ನೋಡಿದೆ. ಚಡ್ಡಿ ಬಣ್ಣ ಬಿಡ್ತಿದೆ ಅಂತ ಅವರಿಗೂ ಹೊಳೆದಿತ್ತು. "ಏನಿಲ್ಲ, ಏನಿಲ್ಲ, ಬಟ್ಟೆ ಬಣ್ಣ ಅಷ್ಟೇ!" ಅಂತ ಕೂಗಿದ್ರು.

"ಬೀಗರಾಗೋರು ಅಂತ ಮುಚ್ಚಿಹಾಕ್ತೀರೇನ್ರೀ?" ಅಂದ್ರು ಮ್ಯಾನೇಜರ್. "ನೀವು ಹೇಳಿದ ಬಣ್ಣಾನೇ ಬಂದಿದೆ. ಇದು ಮದ್ದಿನದ್ದಲ್ಲ ಅಂದ್ರೆ ಏನರ್ಥ? ಮದ್ದೇ ಸುಳ್ಳಾ?"

ಎಲ್ಲರ ಕಣ್ಣೂ ಇವರ ಮೇಲೆ. ಇವರು ಬಾಯಿ ತೆರೆದ್ರು. ಮಾಸ್ಟರ ಕಡೆ ನೋಡಿದ್ರು, ನೀರಿನ ಕಡೆ ನೋಡಿದ್ರು. ಆಮೇಲೆ ಸಣ್ಣ ದನೀಲಿ, "ಮದ್ದು ಸುಳ್ಳಲ್ಲ," ಅಂದುಬಿಟ್ರು.

"ಹಾಗಾದ್ರೆ ಈ ನೀರು ಖಾಲಿ ಮಾಡಿಸಿ! ಇದಕ್ಕೆ ನಾವು ಇಳಿಯಲ್ಲ!" ಅಂತ ಎಲ್ಲರೂ ಶುರು ಹಚ್ಕೊಂಡ್ರು. ಖಾಲಿ ಅನ್ನೋ ಮಾತು ಕಿವಿಗೆ ಬಿದ್ದಿದ್ದೇ ತಡ ಇವರಿಗೆ ಮೈಮೇಲೆ ಪ್ರಜ್ಞೆ ಇಲ್ಲ. "ಖಾಲಿ ಮಾಡೋ ಅಗತ್ಯಾನೇ ಇಲ್ಲ! ಮದ್ದು ಹಿಡಿಯೋದಷ್ಟೇ ಅಲ್ಲ, ಹಿಡಿದದ್ದನ್ನ ಅಲ್ಲೇ ಸುಟ್ಟೂ ಹಾಕುತ್ತೆ. ಫಿಲ್ಟರ್ ಓಡಿಸ್ತೀನಿ, ನಾಳೆ ಹೊತ್ತಿಗೆ ತಿಳಿ!" ಅಂತ ಅಂದೂ ಆಯ್ತು. ನೀರು ಉಳೀತು. ಮಾಸ್ಟರ ಮಾನ ಹೋಯ್ತು. ಅವರು ಟವೆಲ್ ಸುತ್ಕೊಂಡು, ಕಾಲಿನ ಮೇಲೆ ನೀಲಿ ಇಳೀತಾ, ನನ್ನ ಕಿಟಕಿ ಮುಂದಿನಿಂದ ತಲೆ ಬಗ್ಗಿಸ್ಕೊಂಡು ಹೋದ್ರು.

ಮಧ್ಯಾಹ್ನ ಮಗಳು ಕೆಲಸದಿಂದ ಅರ್ಧಕ್ಕೇ ಎದ್ದು ಬಂದ್ಲು. ಕಣ್ಣು ಕೆಂಡ. "ಅವರಪ್ಪ ಅಂಗಡಿ ಬಾಗಿಲು ಎಳ್ಕೊಂಡು ಕೂತಿದ್ದಾರಂತೆ. ಆ ಮನೆಯವರಿಗೆ ನಾನು ಹೇಗೆ ಮುಖ ತೋರಿಸ್ಲಿ, ಈ ಸಂಬಂಧಾನೇ ಬೇಡ ಅಂತಿದ್ದಾರಂತೆ. ಮದ್ದು ಸುಳ್ಳು ಅಂತ ಒಂದು ಮಾತು ಹೇಳೋಕೆ ನಿನ್ನ ನಾಲಿಗೆ ಬಿದ್ದುಹೋಗಿತ್ತೇನಪ್ಪಾ?"

"ಹೇಳಿದ್ರೆ ನಾಳೆಯಿಂದ ಎಲ್ಲರೂ..."

"ಹೌದಾ? ಹಾಗಾದ್ರೆ ಆ ಕೊಳಕ್ಕೇ ಒಂದು ಗಂಡು ನೋಡು. ಅದೇ ತಾನೇ ನಿನ್ನ ಮಗಳು?" ಅಂದವಳೇ ಕೋಣೆ ಸೇರ್ಕೊಂಡು ಬೋರಲು ಬಿದ್ದು ಅಳೋಕೆ ಶುರು ಮಾಡಿದ್ಲು.

ಇವರು ಚಪ್ಪಲಿ ಮೆಟ್ಕೊಂಡು, "ಏಳಮ್ಮಾ, ನಡಿ. ಮಾಸ್ಟರ ಹತ್ರ ನಿಜ ಹೇಳ್ತೀನಿ. ನಾಳೆ ಊರಿಗೂ ಹೇಳ್ತೀನಿ. ಕೊಳ ಏನಾದ್ರೂ ಆಗ್ಲಿ," ಅಂದ್ರು. ನಾನೂ ಸೆರಗು ಸಿಕ್ಕಿಸ್ಕೊಂಡು ಹೊರಟೆ.

ಅಂಗಡಿ ಬಾಗಿಲು ಅರ್ಧ ಎಳೆದಿತ್ತು, ಬಗ್ಗಿ ಒಳಗೆ ಹೋದ್ವಿ. ಮಾಸ್ಟರ್ ಮಷೀನ್ ಮುಂದೆ ಕೂತಿದ್ರು, ಸೂಜಿಗೆ ದಾರಾನೂ ಇಲ್ಲ, ಸುಮ್ನೆ ತುಳೀತಿದ್ರು. ನಮ್ಮನ್ನ ನೋಡಿ ಎದ್ದು ನಿಂತ್ರು. ಇವರು ಕೂರಲೂ ಇಲ್ಲ, ಒಂದೇ ಉಸಿರಲ್ಲಿ, "ಮಾಸ್ಟರೇ, ಮದ್ದು ಅನ್ನೋದೇ ಇಲ್ಲ. ಅದು ನಮ್ಮನೆ ನಲ್ಲಿ ನೀರು. ನೀಲಿ ಬಂದಿದ್ದು ನಿಮ್ಮ ಚಡ್ಡಿಯಿಂದ. ನೀವು ಏನೂ ಮಾಡಿಲ್ಲ. ತಪ್ಪು ನಂದು," ಅಂದ್ರು.

ಮಾಸ್ಟರ್ ಕಣ್ಣಲ್ಲಿ ನೀರು ತುಂಬ್ಕೊಂಡು ಇವರ ಎರಡೂ ಕೈ ಹಿಡ್ಕೊಂಡ್ರು. "ಎಷ್ಟು ದೊಡ್ಡ ಮನಸ್ಸು ಸ್ವಾಮಿ ನಿಮ್ಮದು! ನನ್ನ ಮಾನ ಉಳಿಸೋಕೆ ನಿಮ್ಮ ಮದ್ದನ್ನೇ ಸುಳ್ಳು ಅಂತಿದ್ದೀರಲ್ಲ. ಬೇಡಿ. ನಾನು ಪಾಪಿ."

"ಅಯ್ಯೋ, ನಿಜವಾಗ್ಲೂ ಸುಳ್ಳು ಕಣ್ರೀ!"

"ನಿಮ್ಮ ಬಾಯಿಂದ ಆ ಮಾತು ಬರಬಾರದು."

ಒಬ್ಬರು ಇಲ್ಲ ಅಂತಾರೆ, ಇನ್ನೊಬ್ಬರು ಇದೆ ಅಂತಾರೆ. ನನಗೆ ತಲೆ ಚಿಟ್ಟು ಹಿಡೀತು. ಮೂಲೇಲಿ ಆ ಚಡ್ಡಿ ಒಣಗಿ ಬಿದ್ದಿತ್ತು. ಎತ್ಕೊಂಡೆ, ಇಸ್ತ್ರಿ ಮೇಜಿನ ಪಕ್ಕದ ಬಕೆಟ್ಟಿಗೆ ಅದ್ದಿ ಹಿಂಡಿದೆ. ಬಕೆಟ್ ಪೂರ್ತಿ ಕಡುನೀಲಿ. "ಇಲ್ಲಿ ಯಾರು ಹಾಕಿದ್ರು ಮದ್ದು? ನೋಡ್ಕೊಳ್ಳಿ," ಅಂದೆ.

ಮಾಸ್ಟರ್ ಬಕೆಟ್ ನೋಡಿದ್ರು, ನಮ್ಮ ಮುಖ ನೋಡಿದ್ರು. ನಿಧಾನಕ್ಕೆ ಸ್ಟೂಲಿನ ಮೇಲೆ ಕುಸಿದು, "ಅಂದ್ರೆ... ಮದ್ದು ಇಲ್ವೇ ಇಲ್ಲ? ನಾನು ಬಾಯಿ ಮುಚ್ಕೊಂಡಿದ್ದಿದ್ರೆ ಯಾರಿಗೂ ಗೊತ್ತೇ ಆಗ್ತಿರಲಿಲ್ಲ?" ಅಂದ್ರು.

"ಏನು ಗೊತ್ತಾಗ್ತಿರಲಿಲ್ಲ?" ಅಂದ್ರು ಇವರು. ಆಮೇಲೆ ತಲೆಗೆ ಹೊಳೀತು ನೋಡಿ, ಮುಖದ ಬಣ್ಣಾನೇ ಬದಲಾಯ್ತು. "ನೀವು... ನಿಜವಾಗ್ಲೂ ಹೋದ್ರಾ?"

"ನೀರು ತಣ್ಣಗಿತ್ತು ಸ್ವಾಮಿ. ವಯಸ್ಸು ನೋಡಿ..."

"ನನ್ನ ಕೊಳದಲ್ಲಿ ಉಚ್ಚೆ ಹೊಯ್ದ್ರಾ? ಕಕ್ಕಸು ಕೂಗಳತೆ ದೂರದಲ್ಲಿತ್ತಲ್ರೀ!"

ಸಂಬಂಧ ಉಳಿಸ್ತೀನಿ ಅಂತ ಬಂದ ಮನುಷ್ಯ ಈಗ ತಾನೇ ಮುರಿಯೋ ಹಾಗೆ ನಿಂತಿದ್ದಾರೆ! ಮಗಳು "ಅಪ್ಪಾ" ಅಂತ ತೋಳು ಎಳೀತಿದ್ದಾಳೆ, ನಾನು ಬೆನ್ನಿಗೆ ಚಿವುಟ್ತಿದ್ದೀನಿ, ಊಹೂಂ. ಮುಖ ಊದಿಸ್ಕೊಂಡು ಗೋಡೆ ಕಡೆ ತಿರುಗಿ ನಿಂತುಬಿಟ್ರು, ಮೂರು ವರ್ಷದ ಮಗುವಿನ ಹಾಗೆ.

ಮಾಸ್ಟರೇ ಮಾತು ಶುರು ಮಾಡಿದ್ರು. "ನೀವು ನಾಳೆ ಊರಿಗೆ ನಿಜ ಹೇಳಿದ್ರೆ ಕೊಳಕ್ಕೆ ಏನಾಗುತ್ತೆ?"

"ಏನಾಗುತ್ತೆ? ಎಲ್ಲರೂ ನಿಮ್ಮ ಹಾಗೇ ಶುರು ಮಾಡ್ತಾರೆ," ಅಂದ್ರು ಇವರು ಗೋಡೆಗೆ. "ಆಮೇಲೆ ಖಾಲಿ ಮಾಡಿಸ್ತಾರೆ. ಹಳ್ಳದ ಮೀನು ಸಾಯ್ತವೆ. ನಿಮ್ಮ ಈ ಬೀದಿ ನಲ್ಲೀಲಿ ಗಾಳಿ ಬರುತ್ತೆ."

ಒಳಗಿನಿಂದ ಮಾಸ್ಟರ ಹೆಂಡತಿ ನಮಗೆ ಕುಡಿಯೋಕೆ ನೀರು ತಂದ್ರು. ಬಲಗೈ ಮಣಿಕಟ್ಟು ಸೊಟ್ಟಗಿತ್ತು, ಲೋಟ ಎಡಗೈಯಲ್ಲಿ. "ಹಿಂದೆ ನಲ್ಲಿ ನಿಂತಿತ್ತಲ್ಲ, ಆಗ ದೂರದಿಂದ ಕೊಡ ಹೊತ್ಕೊಂಡು ಬರ್ತಾ ಜಾರಿ ಬಿದ್ದಳು," ಅಂದ್ರು ಮಾಸ್ಟರ್. "ಆಮೇಲೆ ಸೂಜಿ ಹಿಡಿಯೋಕೇ ಆಗಲಿಲ್ಲ. ಮುಂಚೆ ಗುಂಡಿ, ಕಾಜ ಎಲ್ಲ ಅವಳೇ ಮಾಡ್ತಿದ್ದಳು." ಆಮೇಲೆ ಹೇಳಿದ್ರು, "ಊರಿಗೆ ಏನೂ ಹೇಳಬೇಡಿ. ಆದ್ರೆ ಮಕ್ಕಳ ವಿಷಯ... ಇಂಥವನ ಮನೆಗೆ ಮಗಳನ್ನ ಕಳಿಸಿದ್ರೆ ಜನ ನಿಮ್ಮನ್ನೂ ನೋಡಿ ನಗ್ತಾರೆ. ಅದನ್ನ ನಾನು ಹೇಗೆ ಕೇಳ್ಲಿ? ನೀವೇ ಯೋಚನೆ ಮಾಡಿ."

ಇವರು ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಮಗಳು ಊಟ ಮುಟ್ಟಲಿಲ್ಲ. ನನಗಂತೂ ಆ ಮನುಷ್ಯನ್ನ ಹಿಡ್ಕೊಂಡು ಅಲ್ಲಾಡಿಸಿಬಿಡೋಣ ಅನ್ನಿಸ್ತು.

ಬೆಳಗ್ಗೆ ನೀರು ತಿಳಿಯಾಗಿತ್ತು. ಜನ ಬಂದಿದ್ರು, ಇಳಿಯೋಕೆ ಮಾತ್ರ ನೀನು ಮೊದಲು, ನಾನು ಆಮೇಲೆ ಅಂತ ಅಂಚಲ್ಲಿ ನಿಂತಿದ್ರು. ಮಾಸ್ಟರ್ ಬಂದ್ರು. ಇಸ್ತ್ರಿ ಮಾಡಿದ ಪ್ಯಾಂಟು, ಪೂರ್ತಿ ತೋಳಿನ ಶರ್ಟು, ಹಿಂದೆ ಅವರ ಮಗ. ಗುಸುಗುಸು, ಕಿಸಿಕಿಸಿ ಎಲ್ಲ ಶುರುವಾಯ್ತು. ನಮ್ಮ ಮಗಳು ನನ್ನ ಪಕ್ಕದಲ್ಲೇ ನಿಂತಿದ್ದಳು, ನನ್ನ ಕೈ ಹಿಡಿದ ಹಿಡಿತಕ್ಕೆ ಬಳೆ ಒತ್ತಿತು.

"ನಿನ್ನೆ ನೀರಲ್ಲಿ ಒಂದಕ್ಕೆ ಹೋಗಿದ್ದು ನಾನೇ," ಅಂದ್ರು ಮಾಸ್ಟರ್ ಗಟ್ಟಿಯಾಗಿ. "ಇವರು ನನ್ನ ಉಳಿಸೋಕೆ ಬಟ್ಟೆ ಬಣ್ಣ ಅಂದ್ರು. ಮದ್ದು ಸುಳ್ಳಲ್ಲ. ಯಾರೂ ನನ್ನ ಹಾಗೆ ಮಾಡಬೇಡಿ. ಈ ನೀರು ಕೆಟ್ಟರೆ ನಮ್ಮ ಬೀದಿ ನಲ್ಲಿ ನಿಲ್ಲುತ್ತೆ."

ಆಗ ಮ್ಯಾನೇಜರ್ ಹಣೆ ಗಂಟಿಕ್ಕಿ, "ಅಲ್ಲಾ, ಹೋದ ಚಳಿಗಾಲದಲ್ಲಿ ನಾನು ಹೋದಾಗ ನೀಲಿ ಆಗ್ಲೇ ಇಲ್ವಲ್ಲ..." ಅಂದವರು, ಅಂದಿದ್ದೇನು ಅಂತ ತಮಗೇ ಕೇಳಿಸಿ, ಬಾಯಿಗೆ ಕೈ ಅಡ್ಡ ಇಟ್ಕೊಂಡ್ರು.

ಎಲ್ಲರೂ ಅವರ ಕಡೆ ತಿರುಗಿದ್ರು. ಇವರು ಸೀಟಿ ಊದಿದ್ರು ನೋಡಿ, ಅಷ್ಟು ವರ್ಷದ ಉಸಿರೆಲ್ಲ ಒಟ್ಟಿಗೆ ಬಿಟ್ಟ ಹಾಗೆ. "ಆಗ ಹಳೇ ಮದ್ದು ಸಾರ್! ಈಗ ಬರೋದು ಜೋರು!" ಜನ ಹೊಟ್ಟೆ ಹಿಡ್ಕೊಂಡು ನಕ್ರು. ಮ್ಯಾನೇಜರಿ‌ಗೆ ಟವೆಲ್ಲಿನೊಳಗೆ ಮುಖ ಮುಚ್ಕೊಳ್ಳೋದೇ ಆಯ್ತು.

ನಗು ಇಳಿದ ಮೇಲೂ ಮಾಸ್ಟರ್ ಅಲ್ಲೇ ನಿಂತಿದ್ರು, ಕೈ ಎಲ್ಲಿಡಬೇಕು ಅಂತ ಗೊತ್ತಾಗದೆ. ಯಾರೋ ಹಿಂದಿನಿಂದ ಕೇಳಿದ್ರು, "ಏನ್ ಕ್ಲೋರಿನಪ್ಪ, ಇವರ ಮನೆಗೇನಾ ಮಗಳನ್ನ ಕೊಡೋದು?"

ಇವರು ತಿರುಗಿದ್ರು. ಒದ್ದೆ ನೆಲದ ಮೇಲೆ ದಡದಡ ನಡ್ಕೊಂಡು ಹೋಗಿ, ಮಾಸ್ಟರ ಪಕ್ಕದಲ್ಲಿ ನಿಂತು, ಅವರ ಹೆಗಲ ಮೇಲೆ ಕೈ ಹಾಕಿದ್ರು.

"ಹೌದು. ಇವರು ನಮ್ಮ ಬೀಗರು," ಅಂದ್ರು. "ಮುಂದಿನ ತಿಂಗಳು ಮದುವೆ. ನಗೋರು ಈಗಲೇ ನಕ್ಕುಬಿಡಿ."

ಯಾರೂ ನಗಲಿಲ್ಲ. ಅಷ್ಟು ಜನರ ಮುಂದೆ ತಪ್ಪು ಒಪ್ಕೊಂಡಾಗ ನೆಟ್ಟಗೆ ನಿಂತಿದ್ದ ಮಾಸ್ಟರ್, ಆ ಒಂದು ಮಾತಿಗೆ ಮುಖ ಆ ಕಡೆ ತಿರುಗಿಸಿ ತೋಳಿನಿಂದ ಕಣ್ಣೊರೆಸ್ಕೊಂಡ್ರು. ಮಗಳು ನನ್ನ ಕೈ ಬಿಟ್ಟು ಓಡಿದ್ಲು, ಅಪ್ಪನ ಕಡೆಗೋ ಹುಡುಗನ ಕಡೆಗೋ ನಾನು ನೋಡಲಿಲ್ಲ. ಟಿಕೆಟ್ ಕಿಟಕಿ ಬಾಗಿಲು ಎಳ್ಕೊಂಡು ಒಳಗೆ ಕೂತು ಸೆರಗಲ್ಲಿ ಮುಖ ಮುಚ್ಚಿ ಚೆನ್ನಾಗಿ ಅತ್ತೆ. ಹೊರಗೆ ಜನ ಟಿಕೆಟ್, ಟಿಕೆಟ್ ಅಂತ ಬಡೀತಾನೇ ಇದ್ರು. ಬಡ್ಕೊಳ್ಳಲಿ ಅಂತ ಬಿಟ್ಟೆ.